ಊರ ಶಾಲೆಯ ಹಣ, ಊರವರ ಹೊಣೆ



“ಶಾಲೆಗೆ ಕಳಿಸಿದರೂ ಹುಡುಗನಿಗೆ ಓದು ಬರಲಿಲ್ಲ” ಎನ್ನುತ್ತೀರಿ. ತಪ್ಪು ಮೇಷ್ಟರದೊಂದೇ ಅಲ್ಲ.

ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಮೊಳೆತದ್ದು ನಮ್ಮಲ್ಲಿಯೇ. ಸರಗೂರು ಆಗ ಸೇರಿದ್ದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಇದರಲ್ಲಿ ಮಗು ಕಾರ್ಡುಗಳ ನೆರವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತದೆ. ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಹತ್ತಿ ಬಿಡಿಸಲೆಂದು ವಾರಗಟ್ಟಲೆ ಮನೆಯಲ್ಲಿ ನಿಲ್ಲಿಸಿಕೊಂಡರೆ ಹತ್ತುವುದೆಂತು? ತಿಂಗಳು ಮಳೆ ತಪ್ಪಿದ ರಾಗಿ ಆಮೇಲೆ ಹಸಿರಾದರೂ ತೆನೆ ಜೊಳ್ಳು. ಓದೂ ಹಾಗೆಯೇ.

ಇನ್ನು ಹಣದ ಮಾತು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ಅನುಸರಿಸುತ್ತದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000 ರೂಪಾಯಿ ಎಂಬುದು ಅದರ ಪ್ರಮಾಣ. ದುರಸ್ತಿ ಮುಂತಾದ ಖರ್ಚಿಗೆ ಈ ಹಣ ಒದಗುತ್ತದೆ. ಮಕ್ಕಳು ಕಡಿಮೆಯಾದರೆ ಹಣ ಕಡಿಮೆ; ಸೂರು ಸೋರುವುದು ಮಾತ್ರ ಕಡಿಮೆಯಾಗದು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ, ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದೂ, ಅನುದಾನದ ವೆಚ್ಚ ನೋಡುವುದೂ ಈ ಸಮಿತಿಯ ಕೆಲಸ. ಸರ್ಕಾರ ಹಣ ಕೊಡಲು ಆ ಯೋಜನೆಯೇ ಆಧಾರ.

ಆದುದರಿಂದ ಹೀಗೆ ಮಾಡಿರಿ:

1. ಕೊಯ್ಲಿನ ಕಾಲದಲ್ಲಿಯೂ ಮಕ್ಕಳನ್ನು ಶಾಲೆ ತಪ್ಪಿಸಬೇಡಿರಿ.
2. ಸಮಿತಿಯ ಸಭೆಗೆ ದಂಪತಿಗಳಾಗಿ ಹೋಗಿರಿ.
3. ಬಂದ ಹಣವೆಷ್ಟು, ಖರ್ಚೆಷ್ಟು ಎಂದು ಕೇಳಿರಿ. ಸೋರುವ ಸೂರನ್ನು ಯೋಜನೆಯಲ್ಲಿ ಬರೆಸಿರಿ.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆಸಿದ್ದು ಕಚೇರಿ ತಲುಪುತ್ತದೆ.

— ಗ್ರಾಮಸೇವಕ