ಮನೆ ಬಾಡಿಗೆಗೆ, ಕಾಗದ ಮಳಿಗೆಗೆ!

ದಾವಣಗೆರೆ: ಕಳೆದ ವಾರ ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರು ಪ್ಲಾಸ್ಟಿಕ್ ಕವರೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಕಚೇರಿ ಮೆಟ್ಟಿಲು ಹತ್ತಿದರು. ಕೂರುವ ಮೊದಲೇ ಶುರು ಮಾಡಿದರು.

"ಹನ್ನೊಂದು ತಿಂಗಳ ಕಾಗದ ಮಾಡ್ಸೀನ್ರೀ. ಮೂರು ವರ್ಷ ಆತು. ಮಗ ಊರಿಗೆ ವಾಪಸ್ ಬರ್ತಾನೆ, ಮನಿ ಬಿಡಪ್ಪಾ ಅಂದ್ರೆ ಬಿಡವಲ್ಲ. ಮೊನ್ನೆ ನೀರಿನ ಮೋಟ್ರು ಬಂದ್ ಮಾಡ್ದೆ, ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ಯಾನ. ನನ್ನ ಮನಿ, ನನಗೇ ಬುದ್ಧಿ ಹೇಳ್ತಾರ. ಇದನ್ನ ನೀವು ಪೇಪರ್‌ನಾಗ ಬರೀರಿ."

ಬರೆಯೋದಿರಲಿ, ಮೊದಲು ಕಾಗದ ಓದೋಣ ಅಂತ ಕವರ್ ಬಿಚ್ಚಿದೆ. ಐದನೇ ಕಲಮಿನಲ್ಲಿ ಹೀಗಿತ್ತು: ಸದರಿ ಮಳಿಗೆಯಲ್ಲಿ ವ್ಯಾಪಾರದ ಹೊರತು ವಾಸ ಮಾಡತಕ್ಕದ್ದಲ್ಲ.

ಮೇಷ್ಟ್ರ ಮೇಲಿನ ಮಹಡಿಯಲ್ಲಿ ಗಂಡ, ಹೆಂಡತಿ, ಇಬ್ಬರು ಶಾಲೆಗೆ ಹೋಗೋ ಮಕ್ಕಳಿದ್ದಾರೆ. ಮಳಿಗೆ ಎಲ್ಲಿಂದ ಬಂತು? ಟೈಪ್ ಮಾಡಿದವನ ಕಂಪ್ಯೂಟರಿನಲ್ಲಿ ಯಾವನದೋ ಅಂಗಡಿ ಕರಾರು ಇತ್ತು. ಹೆಸರು ಬದಲಿಸಿದ, ಮೊತ್ತ ಬದಲಿಸಿದ, ಪ್ರಿಂಟ್ ಒತ್ತಿದ. ಸಹಿ ಹಾಕಿದ ಇಬ್ಬರೂ ಓದಲಿಲ್ಲ. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಕೈ ಅದು!

ಕೋರ್ಟ್ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಸಿಗುವ ವಕೀಲ ಮಿತ್ರರೊಬ್ಬರ ಮುಂದೆ ಆ ಕಾಗದ ಹರಡಿದೆವು. ಅವರು ಮೊದಲು ನಕ್ಕರು. ಆಮೇಲೆ ಹೇಳಿದ್ದು ಊರಿನ ಮನೆ ಓನರುಗಳೆಲ್ಲ ಕೇಳಬೇಕಾದ ಮಾತು.

ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸೋದು ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ಯಾರಿಗೆ ಬೇಕು ಅಂತ ಹನ್ನೊಂದಕ್ಕೆ ನಿಲ್ಲಿಸ್ತಾರೆ. ತಪ್ಪಲ್ಲ. ಆದರೆ ನೋಟರಿ ಸೀಲು ಬಿದ್ದರೆ ರಿಜಿಸ್ಟರ್ ಆದಂತೆ ಅಂತ ತಿಳಿದವರು ಬಹಳ ಮಂದಿ ಇದ್ದಾರಲ್ಲ, ಅದು ತಪ್ಪು. ಕೆಂಪು ಸೀಲು ನೋಂದಣಿ ಅಲ್ಲ ಸ್ವಾಮೀ. ಮೂರು ವರ್ಷಕ್ಕೆ ಕರಾರು ಬರೆದು ನೋಟರಿ ಹತ್ತಿರ ನಿಂತುಬಿಟ್ಟರೆ, ಕೋರ್ಟಿನಲ್ಲಿ ಆ ಮೂರು ವರ್ಷದ ಮಾತು ನಿಲ್ಲೋದಿಲ್ಲ. ಅದು ತಿಂಗಳ ಬಾಡಿಗೆ ಅಂತಲೇ ಲೆಕ್ಕ. ಇಂಥದ್ದೇ ಪ್ರಶ್ನೆಗೆ 2000ದಲ್ಲಿ ಸುಪ್ರೀಂ ಕೋರ್ಟೇ ಹೀಗೆ ಹೇಳಿದೆ.

ಇನ್ನು ಮೇಷ್ಟ್ರ ನಿಜವಾದ ಎಡವಟ್ಟು. ಅವಧಿ ಮುಗಿದ ಮೇಲೆ ಹನ್ನೆರಡನೇ ತಿಂಗಳ ಬಾಡಿಗೆ ಬಂತು, ಇವರು ತಗೊಂಡರು. ಹದಿಮೂರನೆಯದೂ ತಗೊಂಡರು. ಅಲ್ಲಿಗೆ ಟಿ.ಪಿ. ಆಕ್ಟ್, ಅಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಕಾಗದದ ತಾರೀಖು ಮುಗಿದರೂ ಬಾಡಿಗೆದಾರ ಅತಿಕ್ರಮಣಕಾರ ಆಗಲಿಲ್ಲ. ಬಿಡಿಸಬೇಕಾದರೆ ಹದಿನೈದು ದಿನದ ನೋಟಿಸು ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಆಗಲೂ ಬಿಡದಿದ್ದರೆ ದಾವಾ. ಇದು ಬಿಟ್ಟು ಬೇರೆ ದಾರಿ ಇಲ್ಲ.

"ನಾನು ಬಾಯಲ್ಲಿ ಹೇಳೀನಲ್ರೀ, ಹತ್ತು ಸಲ ಹೇಳೀನಿ" ಅಂದರು ಮೇಷ್ಟ್ರು.

"ಬಾಯಿ ಮಾತಿಗೆ ಸಾಕ್ಷಿ ಯಾರು, ನಿಮ್ಮ ಮೋಟ್ರಾ?" ಅಂದರು ವಕೀಲರು.

ನೀರು ನಿಲ್ಲಿಸೋದು, ಫ್ಯೂಸ್ ಕೀಳೋದು, ಬೀಗ ಜಡಿಯೋದು ಇವೆಲ್ಲ ನಮ್ಮ ಊರಲ್ಲಿ ಮಾಮೂಲಿ ಅಸ್ತ್ರಗಳು. ಕರಾರಿನಲ್ಲೇ "ಬಿಡದಿದ್ದರೆ ಮಾಲೀಕರು ಬೀಗ ಹಾಕಬಹುದು" ಅಂತ ಬರೆಸುವ ಜಾಣರೂ ಇದ್ದಾರೆ. ಹಾಗೆ ಹೊರಗೆ ಹಾಕಿಸಿಕೊಂಡವನು ಆರು ತಿಂಗಳೊಳಗೆ ಕೋರ್ಟಿಗೆ ಹೋದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವನನ್ನು ಮತ್ತೆ ಅದೇ ಮನೆಯೊಳಗೆ ಕೂರಿಸುತ್ತದೆ. ಮನೆ ಯಾರದು ಅನ್ನೋ ಪ್ರಶ್ನೆಯನ್ನು ಅಲ್ಲಿ ಕೇಳೋದೇ ಇಲ್ಲ.

ಮೇಷ್ಟ್ರಿಗೆ ಇನ್ನೊಂದು ಭಯ ಇತ್ತು, ಮೆಲ್ಲಗೆ ಕೇಳಿದರು: "ಹನ್ನೆರಡು ವರ್ಷ ಇದ್ರೆ ಮನಿ ಅವನದೇ ಆಗ್ತತಂತಲ್ರೀ?" ಹೋಟೆಲ್ ಬೆಂಚಿನ ಮೇಲೆ ಹುಟ್ಟಿ ಬೆಳೆದ ಮಾತು ಇದು. ಬಾಡಿಗೆ ಕೊಟ್ಟುಕೊಂಡು ಇರುವವನು ಮಾಲೀಕನ ಒಪ್ಪಿಗೆಯಿಂದ ಇರುವವನು. ಒಳಗಿದ್ದುಕೊಂಡೇ ಮಾಲೀಕತ್ವ ಅಲ್ಲಗಳೆಯಲು ಅವನಿಗೆ ಬರೋದಿಲ್ಲ. ಈ ಹೆದರಿಕೆಗೆ ವರ್ಷ ವರ್ಷ ಮನೆ ಖಾಲಿ ಮಾಡಿಸಿ ಹೊಸಬರನ್ನು ಹುಡುಕೋ ಓನರುಗಳನ್ನು ನಾನೇ ಕಂಡಿದ್ದೇನೆ. ಖಾಲಿ ಮಾಡಿದವರಲ್ಲಿ ನಾನೂ ಒಬ್ಬ.

ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ, ಅದರ ಕಥೆ ಏನು? 1961ರ ಹಳೇ ಕಾಯ್ದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು. ಅದರಲ್ಲಿ ತಿಂಗಳಿಗೆ 3,500 ರೂಪಾಯಿ, ಪಟ್ಟಿಯಲ್ಲಿಲ್ಲದ ಊರುಗಳಲ್ಲಿ 2,000 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟರು. ಇವತ್ತು ಆ ದುಡ್ಡಿಗೆ ನಿಟ್ಟುವಳ್ಳಿಯಲ್ಲಿ ಒಂದು ರೂಮು ಸಿಕ್ಕರೆ ಪುಣ್ಯ. ಹಾಗಾಗಿ ಬಹುತೇಕ ಮನೆಗಳಿಗೆ ಕೊನೆಗೂ ಆಧಾರ ಟಿ.ಪಿ. ಆಕ್ಟ್ ಮತ್ತು ನೀವು ಬರೆಸಿದ ಕಾಗದ, ಎರಡೇ. 2021ರಲ್ಲಿ ಕೇಂದ್ರದವರು ಮಾದರಿ ಕಾಯ್ದೆ ತಂದು ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂದರು. ಆದರೆ ಅದು ಮಾದರಿ; ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಕಾನೂನು.

ಸರಿ, ಕಾಗದ ಹೇಗಿರಬೇಕು? ವಕೀಲರು ಮಿರ್ಚಿಯ ಎಣ್ಣೆ ಒರೆಸಿಕೊಂಡು ಮೇಷ್ಟ್ರ ಕರಾರಿನ ಬೆನ್ನಿಗೇ ಬರೆದುಕೊಟ್ಟರು. ವಾಸಕ್ಕೆ ಮಾತ್ರ ಅನ್ನೋ ಮಾತು ಮೊದಲು. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ, ಅಡ್ವಾನ್ಸ್ ಎಷ್ಟು ಮುಟ್ಟಿತು, ಬಿಡುವಾಗ ಯಾವ ಲೆಕ್ಕಕ್ಕೆ ಎಷ್ಟು ಹಿಡಿಯಬಹುದು. ಅಡ್ವಾನ್ಸಿನ ಜಗಳವೇ ಜಾಸ್ತಿ, ಅದಕ್ಕೆ ಇಲ್ಲಿ ಧಾರಾಳವಾಗಿ ಬರೆಯಿರಿ ಅಂದರು: ಸುಣ್ಣ ಬಣ್ಣದ ಖರ್ಚು ಯಾರದು, ಒಡೆದ ಬೇಸಿನ್ ಯಾರದು. ಬಳಸಿ ಸವೆದದ್ದಕ್ಕೆ ಬಾಡಿಗೆದಾರನ ಕೈಯಿಂದ ಕೀಳುವಂತಿಲ್ಲ. ಬಿಡಲು ಎರಡು ಕಡೆಯವರಿಗೂ ಇಷ್ಟು ತಿಂಗಳ ನೋಟಿಸು ಅಂತ ಬರೆದರೆ ಹದಿನೈದು ದಿನದ ಬದಲು ಅದೇ ನಡೆಯುತ್ತದೆ. ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕೀಲಿ ಎಷ್ಟು, ಫ್ಯಾನ್ ಎಷ್ಟು.

ಇನ್ನು ಸ್ಟಾಂಪು. ಖಾನಾಪುರದ ತೆಲಗಿಯ ಹಗರಣ ಆದ ಮೇಲೆ ಹಳೇ ಛಾಪಾ ಕಾಗದ ಹೋಗಿ ಇ-ಸ್ಟಾಂಪ್ ಬಂದಿದೆ. ಬಾಡಿಗೆ ಒಂದರ ಮೇಲಲ್ಲ, ಅಡ್ವಾನ್ಸೂ ಸೇರಿಸಿ ಸುಂಕದ ಲೆಕ್ಕ. "ಐವತ್ತರದ್ದು ಕೊಡಿ ಸಾಕು" ಅಂತ ತಂದರೆ, ಮುಂದೆ ಕೋರ್ಟಿಗೆ ಹಾಜರು ಮಾಡುವಾಗ ಕಮ್ಮಿ ಬಿದ್ದ ಸುಂಕ ಕಟ್ಟಿ, ಅದರ ಹತ್ತು ಪಟ್ಟು ದಂಡವನ್ನೂ ತೆರಬೇಕು. ಭೋಗ್ಯಕ್ಕೆ ಹಾಕುವವರಂತೂ ಇನ್ನೂ ಹುಷಾರಾಗಿರಬೇಕು. ಲಕ್ಷಗಟ್ಟಲೆ ದುಡ್ಡು ಎಣಿಸಿ, ನೋಂದಣಿ ಇಲ್ಲದ ಎರಡು ಹಾಳೆ ಇಟ್ಟುಕೊಂಡವರ ಪಾಡು ಇನ್ನೊಂದು ದಿನ ಬರೆಯುತ್ತೇನೆ.

ಮೇಷ್ಟ್ರು ಅವತ್ತೇ ಸಂಜೆ ಮೋಟ್ರು ಹಾಕಿದರು. ನೋಟಿಸು ಹೋಯಿತು. ಬಾಡಿಗೆದಾರ ಕೆಳಗಿಳಿದು ಬಂದು, "ಸರ್, ಮಕ್ಕಳ ಪರೀಕ್ಷೆ ಮುಗೀಲಿ, ಏಪ್ರಿಲ್‌ನಲ್ಲಿ ಬಿಡ್ತೀನಿ" ಅಂದರಂತೆ. ಇಬ್ಬರೂ ಕೂತು ಅದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದ್ದಾರೆ. ಈ ಸಲ ಮೇಷ್ಟ್ರು ಎರಡು ಸಲ ಓದಿದರಂತೆ, ಒಂದು ಕಾಗುಣಿತ ತಿದ್ದಿದರಂತೆ.

ನಾನು ಮನೆಗೆ ಬಂದು ಬೀರು ತೆಗೆದು ನನ್ನ ಬಾಡಿಗೆ ಕರಾರು ಹುಡುಕಿದೆ. ನಮ್ಮಪ್ಪನ ಹೆಸರಿರಬೇಕಾದ ಜಾಗದಲ್ಲಿ ಬೇರೆ ಯಾರದೋ ಅಪ್ಪನ ಹೆಸರಿದೆ. ಓನರ್ ಅಮ್ಮನವರಿಗೆ ನಾಳೆ ಹೇಳಬೇಕು.