ಹಿಮ ಇಲ್ಲದಾಗ ಹಿಮದ ಓಟಗಾರ ಏನು ಮಾಡ್ತಾನೆ?

ಜುಲೈ ತಿಂಗಳು. ನಾರ್ವೆ ದೇಶದ ರಸ್ತೆಗಳಲ್ಲಿ ಒಂದು ವಿಚಿತ್ರ ನೋಟ. ತಲೆಗೆ ಹೆಲ್ಮೆಟ್, ಕೈಯಲ್ಲಿ ಎರಡು ಉದ್ದನೆಯ ಕೋಲು, ಕಾಲಿಗೆ ಒಂದೂವರೆ ಮೊಳದ ಪಟ್ಟಿ. ಪಟ್ಟಿಯ ಎರಡು ತುದಿಗೂ ಒಂದೊಂದು ರಬ್ಬರ್ ಗಾಲಿ. ಕೋಲು ಊರುತ್ತಾ, ಡಾಂಬರಿನ ಮೇಲೆ ಟಕ್ ಟಕ್ ಸದ್ದು ಮಾಡುತ್ತಾ ಗಂಡು ಹೆಣ್ಣೆನ್ನದೆ ಏರು ಹತ್ತಿ ಹೋಗುತ್ತಿರುತ್ತಾರೆ.

ಹೊಸಬರು ನೋಡಿದರೆ 'ಇದೇನಪ್ಪಾ ಹುಚ್ಚು!' ಅಂದಾರು. ಅಲ್ಲಿಯವರು ತಿರುಗಿಯೂ ನೋಡುವುದಿಲ್ಲ. ಇದು ರೋಲರ್ ಸ್ಕೀ. ಚಳಿಗಾಲದಲ್ಲಿ ಹಿಮದ ಮೇಲೆ ಓಡುವವರು ಬೇಸಿಗೆಯಲ್ಲಿ ಮಾಡುವ ಸಾಧನೆ.

ಸಿನಿಮಾದಲ್ಲಿ ನಾಯಕ ಬೆಟ್ಟದಿಂದ ಸರ್ರನೆ ಜಾರಿ ಬರುವ ಸ್ಕೀ ಬೇರೆ. ಇದು 'ಕ್ರಾಸ್ ಕಂಟ್ರಿ'. ಏರು, ಇಳಿಜಾರು, ಸಮತಟ್ಟು ಎಲ್ಲವನ್ನೂ ಸ್ವಂತ ಕೈಕಾಲಿನ ಬಲದಿಂದಲೇ ದಾಟಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅತಿ ಉದ್ದದ ಸ್ಪರ್ಧೆ 50 ಕಿಲೋಮೀಟರ್. ಅಂದರೆ ಮೈಸೂರು ಬಿಟ್ಟು ಮಂಡ್ಯ ದಾಟಿ ಹೋದಷ್ಟು ದೂರ! ಟ್ರೋಂಡ್‌ಹೈಮ್‌ನಲ್ಲಿ ನಡೆದ 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರೂ ಈ 50 ಕಿ.ಮೀ. ಓಡಿದರು. ಅದೇ ಕೂಟದಲ್ಲಿ ನಾರ್ವೆಯ ಯೋಹಾನೆಸ್ ಕ್ಲೇಬೋ ಗಂಡಸರ ಆರು ಸ್ಪರ್ಧೆಗಳಲ್ಲಿ ಆರೂ ಚಿನ್ನ ಬಾಚಿಕೊಂಡರು.

ದೊಡ್ಡ ಸ್ಪರ್ಧೆಗಳು ನವೆಂಬರ್ ಕೊನೆಗೆ ಶುರುವಾಗಿ ಮಾರ್ಚಿಗೆ ಮುಗಿಯುತ್ತವೆ. ಆದರೆ ತಯಾರಿ ಮೇ ತಿಂಗಳಿಂದಲೇ. ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಸರಕನ್ನು ದೀಪಾವಳಿಯ ದಿನ ಯಾರು ತರ್ತಾರೆ? ಮೇಲ್ದರ್ಜೆಯ ಓಟಗಾರ ವರ್ಷಕ್ಕೆ 800ರಿಂದ 950 ಗಂಟೆ ಅಭ್ಯಾಸ ಮಾಡುತ್ತಾನೆ. ಒಂದು ದಿನವೂ ರಜೆ ಇಲ್ಲದೆ ಹಂಚಿದರೂ ದಿನಕ್ಕೆ ಎರಡು ಗಂಟೆಗೆ ಮೇಲೆ. ಇದರಲ್ಲಿ ಬಹುಪಾಲು ಪಕ್ಕದವನ ಜತೆ ಮಾತಾಡಿಕೊಂಡು ಹೋಗುವಷ್ಟು ನಿಧಾನದ ಅಭ್ಯಾಸ. ಉಳಿದದ್ದು ಮಾತ್ರ ಎದೆ ಒಡೆಯುವಂಥದ್ದು. ಎಷ್ಟು ದಣಿದಿದ್ದಾನೆ ಎಂದು ತಿಳಿಯಲು ನಡುನಡುವೆ ಬೆರಳು ಇಲ್ಲವೇ ಕಿವಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಪರೀಕ್ಷಿಸುವುದೂ ಉಂಟು.

ಗಾಲಿಯೊಳಗಿನ ಗುಟ್ಟು

ಹಿಮದ ಓಟದಲ್ಲಿ ಎರಡು ಶೈಲಿ. ಕಾಲನ್ನು ನೇರ ಹಿಂದಕ್ಕೆ ಒದ್ದು ಸಾಗುವುದು ಹಳೆಯ 'ಕ್ಲಾಸಿಕ್'. ಕಾಲನ್ನು ಪಕ್ಕಕ್ಕೆ ತಳ್ಳಿ ಸಾಗುವುದು 'ಸ್ಕೇಟಿಂಗ್'. ಈ ಎರಡನೆಯದು ಜೋರು ಹಿಡಿದದ್ದು 1980ರ ದಶಕದಲ್ಲಿ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಿಂದ ಎರಡಕ್ಕೂ ಬೇರೆ ಬೇರೆ ಸ್ಪರ್ಧೆ. ಹಾಗಾಗಿ ರೋಲರ್ ಸ್ಕೀಯೂ ಎರಡು ಬಗೆ.

ಕ್ಲಾಸಿಕ್ ಗಾಲಿಯೊಳಗೆ ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ ಒಂದು ಕಟ್ಟು. ಗಾಲಿ ಮುಂದಕ್ಕೆ ಉರುಳುತ್ತೆ, ಹಿಂದಕ್ಕೆ ಉರುಳೋದಿಲ್ಲ. ಕಾಲು ಒದ್ದರೆ ಹಿಡಿತ ಸಿಗುವುದು ಇದರಿಂದಲೇ. ಮೋಸ ಇರುವುದೂ ಇಲ್ಲಿಯೇ! ಹಿಮದ ಮೇಲೆ ಸ್ಕೀ ತಳಕ್ಕೆ ಹಚ್ಚಿದ ಮೇಣ ಹಿಡಿಯಬೇಕಾದರೆ ಸರಿಯಾದ ಗಳಿಗೆಯಲ್ಲಿ ಮೈಭಾರ ಬಿಡಬೇಕು. ಗಾಲಿಯ ಮೇಲೆ ಹೇಗೆ ಒದ್ದರೂ ಹಿಡಿಯುತ್ತೆ. ಬೇಸಿಗೆಯಿಡೀ ತಪ್ಪು ರೂಢಿ ಮಾಡಿಕೊಂಡವನು ಮೊದಲ ಹಿಮದಲ್ಲೇ ಜಾರುತ್ತಾನೆ. ಅದಕ್ಕೇ ತರಬೇತುದಾರರು ಈ ಗಾಲಿಯನ್ನು ಪೂರಾ ನಂಬುವುದಿಲ್ಲ. ಗಾಲಿ ತೀರಾ ಸಲೀಸಾಗಿ ಓಡಿದರೂ ಪ್ರಯೋಜನವಿಲ್ಲ. ಹಿಮದಷ್ಟೇ ಎಳೆತ ಇರಲೆಂದು ನಿಧಾನದ ಗಾಲಿ ಹಾಕಿಸುತ್ತಾರೆ.

ಬ್ರೇಕೇ ಇಲ್ಲ!

ಸಾಮಾನ್ಯವಾಗಿ ಈ ಗಾಡಿಗೆ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ವೇಗ ಹೆಚ್ಚಿದರೆ ಹಿಮ್ಮಡಿಗಳನ್ನು ಅಗಲಿಸಿ ತಡೆಯಬೇಕು, ಇಲ್ಲವೇ ಪಕ್ಕದ ಹುಲ್ಲಿಗೆ ಇಳಿಯಬೇಕು. ಹಿಮದ ಮೇಲೆ ಬಿದ್ದರೆ ಬಟ್ಟೆ ಒದ್ದೆ. ಡಾಂಬರಿನ ಮೇಲೆ ಬಿದ್ದರೆ ಚರ್ಮವೇ ಕಿತ್ತು ಬರುತ್ತೆ. ಹಿಂದಿನಿಂದ ಲಾರಿ ಬಂದರಂತೂ ದೇವರೇ ಗತಿ. ನಾರ್ವೆಯ ಸಂಚಾರ ನಿಯಮದ ಪ್ರಕಾರ ರೋಲರ್ ಸ್ಕೀಯವನು ಪಾದಚಾರಿಯ ಲೆಕ್ಕ. ಓಸ್ಲೋ ನಗರದ ಹೋಲ್ಮೆನ್‌ಕೋಲೆನ್‌ನಲ್ಲಿ ವಾಹನಗಳ ಕಾಟವಿಲ್ಲದ ಪ್ರತ್ಯೇಕ ಹಾದಿಯನ್ನೇ ಮಾಡಿದ್ದಾರೆ.

ಇಷ್ಟೆಲ್ಲ ಪಾಡು ಯಾಕೆ? ಹಿಮವನ್ನೇ ನೆಚ್ಚಿ ಕೂರುವ ಕಾಲ ಹೋಯಿತು. ಫಿನ್ಲೆಂಡಿನ ವುವೊಕಾಟಿಯಲ್ಲಿ 1997ರಲ್ಲೇ ಸುರಂಗ ಕಟ್ಟಿ ಒಳಗೆ ಹಿಮ ತುಂಬಿದರು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹಿಂದಿನ ವರ್ಷದ ಹಿಮವನ್ನು ಮರದ ಹೊಟ್ಟಿನಡಿ ಮುಚ್ಚಿಟ್ಟು ಅಕ್ಟೋಬರಿನಲ್ಲಿ ಹಾಸುತ್ತಾರೆ. ನಮ್ಮಲ್ಲಿ ಐಸ್ ಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದ ಉಪಾಯವೇ ಅದು! ಆದರೆ ಸುರಂಗವಾಗಲಿ, ಹಿಮದ ದಾಸ್ತಾನಾಗಲಿ ದುಡ್ಡಿದ್ದ ದೇಶದ ಮಾತು. ಇಲ್ಲದವರಿಗೆ ಎರಡು ಗಾಲಿಯೇ ಗತಿ.

ಕೊಡಗಿನ ನಂಟು

ನಮ್ಮ ದೇಶದ್ದೂ ಇದೇ ಪಾಡು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು. ಕಾಶ್ಮೀರದ ಗತಿಯೇ ಹೀಗಾದರೆ, ಹಿಮವೇ ಬೀಳದ ಕನ್ನಡನಾಡಿನಿಂದ ಹೋದವರ ಕಥೆ?

ಹಾಗೆ ಹೋದವರೂ ಇದ್ದಾರೆ ಎಂಬುದೇ ವಿಶೇಷ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಕರ್ನಾಟಕದ ಪರವಾಗಿ ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದವರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಓಡಿದವರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚಿನ ಪದಕ ತಂದರು. ಕಾಫಿ, ಕರಿಮೆಣಸು, ಹಾಕಿಗೆ ಹೆಸರಾದ ಜಿಲ್ಲೆಗೆ ಹಿಮದ ಮೇಲಿನ ಪದಕವೂ ಸೇರಿತು.

ಆ 5 ಕಿ.ಮೀ. ಓಟಕ್ಕೆ ಅರ್ಧ ಗಂಟೆಯೂ ಬೇಡ. ಪೇಪರಿನಲ್ಲಿ ಬಂದದ್ದು ಆ ಅರ್ಧ ಗಂಟೆಯ ಸುದ್ದಿ. ಈ ಆಟದಲ್ಲಿ ಪದಕ ದುಡಿಯುವುದು ಮಾತ್ರ ಹಿಮವಿಲ್ಲದ ತಿಂಗಳುಗಳಲ್ಲಿ, ಬಿಸಿಲಲ್ಲಿ, ಬೆವರಲ್ಲಿ. ಆ ನೂರಾರು ಗಂಟೆ ಚಪ್ಪಾಳೆ ತಟ್ಟುವವರು ಯಾರೂ ಇರೋದಿಲ್ಲ.