ಅರಿವಿದ್ದರೂ ಬಿಡದ ವ್ಯಸನ

‘ವ್ಯಸನ’ ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಬಿಡಲಾಗದ ಚಟ ಎಂಬುದು ಒಂದು. ದುಃಖ, ಸಂಕಟ ಎಂಬುದು ಇನ್ನೊಂದು. ‘ವ್ಯಸನಪಡಬೇಡಿ’ ಎಂದು ಹಿರಿಯರು ಸಮಾಧಾನ ಹೇಳುವಾಗ ಬಳಸುವುದು ಈ ಎರಡನೆಯ ಅರ್ಥವನ್ನು. ಚಟಕ್ಕೆ ಸಿಲುಕಿದವನನ್ನು ಲೋಕವು ಸುಖಲೋಲುಪನೆಂದು ಕಾಣುತ್ತದೆ. ಆದರೆ ಅವನು ಒಳಗೆ ಸಂಕಟಪಡುತ್ತಿರುವವನೂ ಹೌದು ಎಂಬುದನ್ನು ಆ ಪದವೇ ನಮಗೆ ನೆನಪಿಸುತ್ತದೆ.

ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನ ಎಂಬ ಏಳನ್ನು ಜೈನಾಚಾರ್ಯರು ಸಪ್ತವ್ಯಸನಗಳೆಂದು ಕರೆದರು. ಈ ಪಟ್ಟಿಯಲ್ಲಿ ತಂಬಾಕು ಇಲ್ಲ. ಅಮೆರಿಕ ಖಂಡದ ಆ ಸಸ್ಯ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು ಪ್ರಾಚೀನ ಆಚಾರ್ಯರ ಕಾಲಕ್ಕೆ ಎಷ್ಟೋ ಶತಮಾನಗಳ ನಂತರ. ಹೀಗಾಗಿ, ‘ಬೀಡಿ, ಸಿಗರೇಟು, ಗುಟ್ಕಾಗಳಿಗೆ ಶಾಸ್ತ್ರದಲ್ಲಿ ನಿಷೇಧವೆಲ್ಲಿದೆ?’ ಎಂದು ಕೇಳುವವರುಂಟು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಉತ್ತರವಿದೆ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುತ್ತ ಅವರು, ತನಗೆ ಅನಿಷ್ಟವಾದುದನ್ನೂ ಸಜ್ಜನರ ಸೇವನೆಗೆ ತಕ್ಕದ್ದಲ್ಲದುದನ್ನೂ ಶ್ರಾವಕನು ತ್ಯಜಿಸಬೇಕೆನ್ನುತ್ತಾರೆ. ದೇಹವನ್ನು ಕೆಡಿಸುವ ತಂಬಾಕು ಅನಿಷ್ಟವೆಂಬುದರಲ್ಲಿ ಸಂಶಯವಿಲ್ಲ.

ನಿಷೇಧವನ್ನು ತಿಳಿಯುವುದು ಸುಲಭ, ಪಾಲಿಸುವುದು ಕಷ್ಟ. 2016–17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ 28.6 ಮಂದಿ, ಕರ್ನಾಟಕದಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಸೇವಿಸುತ್ತಿದ್ದರು. ಧೂಮಪಾನದಿಂದ ಗಂಭೀರ ಕಾಯಿಲೆ ಬರುತ್ತದೆಂದು ಅದೇ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದ್ದರು. ಇಲ್ಲಿ ಅಜ್ಞಾನ ಮುಖ್ಯ ಕಾರಣವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯರೊಬ್ಬರಿದ್ದರು. ಶ್ವಾಸಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಅವರಷ್ಟು ಅಂದವಾಗಿ ಬರೆಯುವವರು ನಮ್ಮಲ್ಲಿ ಇನ್ನಾರೂ ಇರಲಿಲ್ಲ. ಗಂಟೆ ಬಾರಿಸಿದೊಡನೆ ಅವರು ಆವರಣದ ಗೋಡೆಯಾಚೆ ಹೋಗಿ ಬೀಡಿ ಹಚ್ಚುತ್ತಿದ್ದರು. ಒಮ್ಮೆ ಅವರೇ, ‘ಮೇಷ್ಟ್ರೇ, ಮಕ್ಕಳಿಗೆ ನಾನು ಹೇಳಿಕೊಡುವುದು ನನಗೇ ಗೊತ್ತಿಲ್ಲವೇ?’ ಎಂದು ನಿಟ್ಟುಸಿರಿಟ್ಟರು.

ಗೊತ್ತಿದ್ದೂ ಏಕೆ ಬಿಡಲಾಗದು? ಜೈನ ಕರ್ಮಸಿದ್ಧಾಂತವು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಎಂಟು ಕರ್ಮಗಳಿಗೆ ಶಾಸ್ತ್ರಕಾರರು ಒಂದೊಂದು ಉಪಮಾನವನ್ನು ಕೊಟ್ಟಿದ್ದಾರೆ. ಜ್ಞಾನಾವರಣೀಯವು ಮುಚ್ಚಿದ ಬಟ್ಟೆಯಂತೆ; ಮೋಹನೀಯವು ಮದ್ಯದಂತೆ. ಈ ಮೋಹನೀಯದಲ್ಲಿ ಎರಡು ಬಗೆ. ದರ್ಶನಮೋಹನೀಯವು ಸತ್ಯವನ್ನು ಸತ್ಯವೆಂದು ನಂಬಲು ಬಿಡುವುದಿಲ್ಲ. ಚಾರಿತ್ರಮೋಹನೀಯವು ನಂಬಿದ ಸತ್ಯದಂತೆ ನಡೆಯಲು ಬಿಡುವುದಿಲ್ಲ. ಮೊದಲನೆಯದು ಸರಿದರೂ ಎರಡನೆಯದು ಉಳಿದಿರಬಹುದು. ಹದಿನಾಲ್ಕು ಗುಣಸ್ಥಾನಗಳಲ್ಲಿ ನಾಲ್ಕನೆಯದಾದ ಅವಿರತ ಸಮ್ಯಗ್ದೃಷ್ಟಿ ಇಂಥದೇ ನೆಲೆ: ಅಲ್ಲಿ ಸಮ್ಯಕ್ತ್ವವಿದೆ, ವ್ರತವಿಲ್ಲ. ಅಲ್ಲಿಂದ ಐದನೆಯದಾದ ದೇಶವಿರತಕ್ಕೆ ಏರದಂತೆ ತಡೆಯುವ ಕಷಾಯಕ್ಕೆ ಅಪ್ರತ್ಯಾಖ್ಯಾನಾವರಣ ಎಂದು ಹೆಸರು. ತಂಬಾಕಿನ ಅಪಾಯವನ್ನು ಬಲ್ಲವರೆಲ್ಲ ಸಮ್ಯಗ್ದೃಷ್ಟಿಗಳೆಂದು ಇದರ ಅರ್ಥವಲ್ಲ. ಅರಿಯುವುದು ಬೇರೆ, ವಿರತನಾಗುವುದು ಬೇರೆ. ಎರಡಕ್ಕೂ ಪ್ರತ್ಯೇಕ ಸಾಧನೆ ಬೇಕು ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ಮಾತು.

ಒಬ್ಬನು ಒಂದೇ ದಿನದಲ್ಲಿ ಬಿಡುತ್ತಾನೆ, ಇನ್ನೊಬ್ಬನು ಹತ್ತು ವರ್ಷ ಹೆಣಗುತ್ತಾನೆ. ಇದಕ್ಕೂ ಶಾಸ್ತ್ರದಲ್ಲಿ ವಿವರಣೆಯುಂಟು. ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಲೋಭದ ಬಲವನ್ನು ಬಟ್ಟೆಗೆ ಹಿಡಿಯುವ ನಾಲ್ಕು ಬಣ್ಣಗಳಿಗೆ ಹೋಲಿಸಿದ್ದಾರೆ: ಕ್ರಿಮಿಗಳಿಂದ ತೆಗೆದ ಕೆಂಪು, ಗಾಡಿಯ ಅಚ್ಚಿನ ಕೀಲೆಣ್ಣೆಯ ಕಪ್ಪು, ಮೈಯ ಕೊಳೆ ಮತ್ತು ಅರಿಸಿನ. ಅರಿಸಿನದ ಕಲೆ ಬಿಸಿಲಿಗೆ ಒಡ್ಡಿದರೆ ಮಾಸುತ್ತದೆ. ಮೈಯ ಕೊಳೆ ತುಸು ಉಜ್ಜಿದರೆ ಹೋಗುತ್ತದೆ. ಕೀಲೆಣ್ಣೆಯ ಜಿಡ್ಡಿಗೆ ಮತ್ತೆ ಮತ್ತೆ ಒಗೆಯಬೇಕು. ಕ್ರಿಮಿರಾಗವಾದರೋ ಬಟ್ಟೆ ಹರಿದರೂ ಎಳೆಯಲ್ಲಿ ಉಳಿದಿರುತ್ತದೆ. ಆಸೆಯೆಂಬುದು ಒಂದೇ ಆದರೂ ಅದು ಅಂಟಿಕೊಳ್ಳುವ ಬಗೆ ಜೀವದಿಂದ ಜೀವಕ್ಕೆ ಭಿನ್ನ. ಅರಿಸಿನದ ಕಲೆಯನ್ನು ಒಗೆದುಕೊಂಡವನು ಕೀಲೆಣ್ಣೆಯ ಕಲೆಯವನನ್ನು ನೋಡಿ, ‘ನಾನು ಬಿಡಲಿಲ್ಲವೇ? ನಿನಗೇನು ರೋಗ?’ ಎಂದು ಹೀಗಳೆಯುವುದು ನ್ಯಾಯವಲ್ಲ.

ದೇಹಶಾಸ್ತ್ರವೂ ಈ ಭಿನ್ನತೆಯನ್ನು ತನ್ನದೇ ರೀತಿಯಲ್ಲಿ ಹೇಳುತ್ತದೆ. ಹೊಗೆಯೊಂದಿಗೆ ಒಳಹೊಕ್ಕ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ ಕ್ಷಣಿಕ ಹಿತವನ್ನುಂಟುಮಾಡುತ್ತದೆ. ದಿನವೂ ಇದು ನಡೆದಾಗ ಮಿದುಳು ಅದಕ್ಕೆ ಒಗ್ಗಿಕೊಂಡು, ಸಿಗದಿದ್ದರೆ ಚಡಪಡಿಸುತ್ತದೆ. ಯಕೃತ್ತು ನಿಕೋಟಿನ್ನನ್ನು ಕರಗಿಸುವ ವೇಗ ಎಲ್ಲರಲ್ಲಿ ಒಂದೇ ಅಲ್ಲ, ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಬೇಗ ಕರಗಿಸುವವರಿಗೆ ಬೇಗ ಮತ್ತೊಂದು ಬೇಕೆನಿಸುತ್ತದೆ. ಅವರಿಗೆ ಬಿಡುವುದೂ ಹೆಚ್ಚು ಕಷ್ಟ. ಎಳೆಯ ವಯಸ್ಸಿನಲ್ಲೇ ಆರಂಭಿಸಿದವರಿಗೂ ಹೀಗೆಯೇ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ನಿದ್ರಾಭಂಗ, ಚಡಪಡಿಕೆಗಳು ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆದರೆ ಊಟವಾದ ಗಳಿಗೆ, ಕಾಫಿಯ ಲೋಟ, ಹಳೆಯ ಗೆಳೆಯರ ಕೂಟ ಇವು ತಿಂಗಳುಗಳ ನಂತರವೂ ಆಸೆಯನ್ನು ಎಬ್ಬಿಸುತ್ತವೆ. ಆಗಮಗಳು ಇದನ್ನೇ ಸಂಸ್ಕಾರ, ವಾಸನೆ ಎನ್ನುತ್ತವೆ.

ಹಾಗಾದರೆ ಮಾರ್ಗವೇನು? ಸಮಂತಭದ್ರರು ತ್ಯಾಗದಲ್ಲಿ ಎರಡು ಬಗೆ ಹೇಳಿದ್ದಾರೆ. ಜೀವಮಾನವಿಡೀ ಬಿಡುವುದು ಯಮ. ಗೊತ್ತುಪಡಿಸಿದ ಕಾಲದವರೆಗೆ ಬಿಡುವುದು ನಿಯಮ. ನಿಯಮಕ್ಕೆ ಅವರು ಕಾಲದ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ: ಹಗಲು, ರಾತ್ರಿ, ಪಕ್ಷ, ಮಾಸ, ಎರಡು ತಿಂಗಳ ಋತು, ಆರು ತಿಂಗಳ ಅಯನ. ‘ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂದು ಆವೇಶದಿಂದ ಆಣೆಯಿಟ್ಟು ಸಂಜೆಯೊಳಗೆ ಮುರಿಯುವುದಕ್ಕಿಂತ, ‘ನಾಳೆ ಸೂರ್ಯೋದಯದವರೆಗೆ ಮುಟ್ಟುವುದಿಲ್ಲ’ ಎಂದು ಜಿನಬಿಂಬದ ಮುಂದೆ ಕೈಮುಗಿದು ಅದನ್ನು ಪೂರೈಸುವುದು ಮೇಲು. ಪೂರೈಸಿದ ಸಣ್ಣ ನಿಯಮವು ದೊಡ್ಡ ವ್ರತಕ್ಕೆ ಬಲ ಕೊಡುತ್ತದೆ.

ಆ ಒಂದು ದಿನದೊಳಗೂ ಆಸೆ ಅಲೆಯಂತೆ ಏಳುತ್ತದೆ. ಆ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಇಪ್ಪತ್ತೇಳು ಉಸಿರುಗಳಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವನ್ನು ಸ್ಮರಿಸುವ ಕಾಯೋತ್ಸರ್ಗ ನಮ್ಮ ನಿತ್ಯವಿಧಿಯಲ್ಲಿದೆಯಷ್ಟೆ. ಅಲೆ ಎದ್ದಾಗ ನಿಂತಲ್ಲೇ ಅದನ್ನು ಮಾಡಬಹುದು. ಮುಗಿಯುವ ಹೊತ್ತಿಗೆ ಕೈ ಜೇಬಿನ ಕಡೆಗೆ ಹೋಗುವ ಆತುರ ತುಸುವಾದರೂ ತಗ್ಗಿರುತ್ತದೆ. ಬೇಕೆಂದರೆ ಇನ್ನೊಮ್ಮೆ ಮಾಡಲಿ.

ಇಷ್ಟಾದರೂ ಜಾರುವುದುಂಟು. ಆಗ ಅನೇಕರು, ‘ವ್ರತವಂತೂ ಕೆಟ್ಟಿತು, ಇನ್ನೇನು’ ಎಂದು ಪೂರ್ತಿ ಕೈಬಿಡುತ್ತಾರೆ. ವ್ರತಭಂಗಕ್ಕೂ ಮೆಟ್ಟಿಲುಗಳಿವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲೇ ಮುಳುಗಿಹೋಗುವುದು ಅನಾಚಾರ ಎಂದು ಅಮಿತಗತಿ ಆಚಾರ್ಯರು ವಿಂಗಡಿಸಿದ್ದಾರೆ. ಸೇದಬೇಕೆಂಬ ಯೋಚನೆ, ಅಂಗಡಿಯತ್ತ ನಡಿಗೆ, ಒಂದು ಬೀಡಿ, ಮತ್ತೆ ಹಳೆಯ ಚಟ ಎಂದು ಇವನ್ನು ನಮ್ಮ ವಿಷಯಕ್ಕೆ ಅನ್ವಯಿಸಿಕೊಳ್ಳಬಹುದು. ಮೂರನೆಯ ಮೆಟ್ಟಿಲಲ್ಲಿ ಜಾರಿದವನು ನಾಲ್ಕನೆಯದಕ್ಕೆ ಬೀಳಲೇಬೇಕೆಂಬ ನಿಯಮವೇನೂ ಇಲ್ಲ. ದೋಷವನ್ನು ಗುರುಗಳಲ್ಲಿ ಒಪ್ಪಿಕೊಳ್ಳುವ ಆಲೋಚನೆ, ಹಿಂದಿರುಗುವ ಪ್ರತಿಕ್ರಮಣ ಇವು ಇರುವುದೇ ಜಾರುವವರಿಗಾಗಿ.

ಜಾರಿದವನನ್ನು ಎತ್ತುವ ಹೊಣೆ ಉಳಿದವರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಇದಕ್ಕೆ ದೃಷ್ಟಾಂತವಾಗಿ ರಾಜಗೃಹದ ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯ ಕಥೆಯನ್ನು ಹೇಳುವುದು ವಾಡಿಕೆ. ಅವನ ಗೆಳೆಯ ಪುಷ್ಪಡಾಲನು ಸ್ನೇಹದ ಒತ್ತಾಸೆಗೆ ದೀಕ್ಷೆ ತೊಟ್ಟನು. ದೇಹ ಕಾಡಿನಲ್ಲಿತ್ತು, ಮನಸ್ಸು ಹೆಂಡತಿಯಲ್ಲಿತ್ತು. ಹನ್ನೆರಡು ವರ್ಷಗಳ ತಪಸ್ಸಾದರೂ ಆ ನೆನಪು ಅಳಿಯಲಿಲ್ಲ. ಒಂದು ದಿನ ಕಿವಿಗೆ ಬಿದ್ದ ಹಾಡೊಂದು ಅದನ್ನು ಕೆದಕಿತು, ಅವನು ಮನೆಯತ್ತ ಹೊರಟೇಬಿಟ್ಟನು. ವಾರಿಷೇಣನು ಅವನನ್ನು ಬೈಯಲಿಲ್ಲ, ಒಂಟಿಯಾಗಿ ಹೋಗಲೂ ಬಿಡಲಿಲ್ಲ. ತಾನೂ ಜೊತೆಗೆ ನಡೆದು ಅವನನ್ನು ತನ್ನ ಅರಮನೆಗೇ ಕರೆದೊಯ್ದನು. ತಾಯಿ ಚೇಲಿನಿಗೆ ಹೇಳಿ ತನ್ನ ಪೂರ್ವಾಶ್ರಮದ ಪತ್ನಿಯರನ್ನು ಸಾಲಂಕೃತರಾಗಿ ಬರಮಾಡಿ, ‘ಇವರನ್ನೂ ಈ ಯುವರಾಜ ಪದವಿಯನ್ನೂ ನೀನೇ ತೆಗೆದುಕೋ’ ಎಂದನು. ಇಷ್ಟನ್ನು ಬಿಟ್ಟುಬಂದವನು ತನ್ನ ಪಕ್ಕದಲ್ಲೇ ಹನ್ನೆರಡು ವರ್ಷ ನಡೆದಿದ್ದನೆಂದು ಪುಷ್ಪಡಾಲನಿಗೆ ಆಗ ಹೊಳೆಯಿತು. ಅವನು ನಾಚಿ ಚಾರಿತ್ರದಲ್ಲಿ ಸ್ಥಿರನಾದನು.

ವ್ಯಸನಿಯಿರುವ ಮನೆಯವರು ಈ ಕಥೆಯಿಂದ ಕಲಿಯಬೇಕಾದುದು ಬಹಳವಿದೆ. ಬಂಧುಗಳ ಎದುರು ಮಾನ ಕಳೆದರೆ ವ್ಯಸನಿಯು ಚಟವನ್ನು ಬಿಡುವುದಿಲ್ಲ, ಬಚ್ಚಿಡುತ್ತಾನೆ. ಬಚ್ಚಿಟ್ಟ ಚಟಕ್ಕೆ ಯಾರೂ ನೆರವಾಗಲಾರರು. ಅವನು ನಿಯಮ ತೊಟ್ಟ ದಿನ ಅವನೊಡನೆ ಮನೆಯವರೂ ತಮಗೆ ಪ್ರಿಯವಾದ ಒಂದನ್ನು ಬಿಟ್ಟರೆ ಅವನು ಒಂಟಿಯಾಗುವುದಿಲ್ಲ. ಜೊತೆಗೆ ನಡೆಯುವುದೆಂದರೆ ಇದೇ.

ವೈದ್ಯರ ನೆರವು ಪಡೆಯುವುದು ಶ್ರದ್ಧೆಯ ಕೊರತೆಯಲ್ಲ. ತಂಬಾಕು ಬಿಡಬಯಸುವವರಿಗಾಗಿ ಸರ್ಕಾರದ 1800-11-2356 ಎಂಬ ಉಚಿತ ಸಹಾಯವಾಣಿಯಿದೆ. ಬಹುಕಾಲ ಅತಿಯಾಗಿ ಮದ್ಯ ಸೇವಿಸಿದವರಂತೂ ವೈದ್ಯರನ್ನು ಕಾಣದೆ ಥಟ್ಟನೆ ನಿಲ್ಲಿಸಬಾರದು. ಅದರಿಂದ ಪ್ರಾಣಾಪಾಯವೂ ಆಗಬಹುದು. ಔಷಧವು ದೇಹದ ನಡುಕವನ್ನು ತಗ್ಗಿಸಿದಾಗ ವ್ರತವು ನೆಲೆಯೂರಲು ಅವಕಾಶ ದೊರೆಯುತ್ತದೆ.

ಕಲೆ ಎಷ್ಟೇ ಗಾಢವಾಗಿದ್ದರೂ ಅದು ಬಟ್ಟೆಯ ಸ್ವಭಾವವಲ್ಲ. ಹೊರಗಿನಿಂದ ಬಂದು ಅಂಟಿದ್ದು. ಆತ್ಮನ ಸ್ವಭಾವ ಶುದ್ಧವೆಂಬ ಈ ಭರವಸೆಯೇ ಜಿನಧರ್ಮವು ವ್ಯಸನಿಗೆ ಕೊಡುವ ಮೊದಲ ಮದ್ದು. ಒಂದೇ ಒಗೆತಕ್ಕೆ ಹೋಗದಿದ್ದರೆ ಮತ್ತೆ ಒಗೆಯೋಣ. ಒಗೆಯುವವನ ಕೈ ಸೋತಾಗ ಪಕ್ಕದಲ್ಲಿರುವವರು ನೀರು ಹಾಕಲಿ.